ಅಡಕೆ ಹಾಳೆಯ ಉತ್ತರಕುಮಾರ

ಶಿರಸಿ ತಾಲ್ಲೂಕಿನ ನಮ್ಮ ಮನೆಯ ಅಟ್ಟದಲ್ಲಿ ಎರಡು ಮಳೆಗಾಲ ಕುಳಿತು ಅಕ್ಕನ ಮಗಳೂ ನಾನೂ ಮಾಡುತ್ತಿದ್ದ ಆನಿಮೇಷನ್ ಚಿತ್ರ ಈ ಸಲದ ಅಡಕೆಯ ಕೊನೆಕೊಯ್ಲು ಶುರುವಾಗುವ ಮೊದಲೇ ಮುಗಿಯಿತು. ಅದರ ಉದ್ದ 4 ನಿಮಿಷ 20 ಸೆಕೆಂಡು. ಕುಮಾರವ್ಯಾಸ ಭಾರತದ ವಿರಾಟಪರ್ವದಲ್ಲಿ ಉತ್ತರಕುಮಾರನು ಹೆಂಗಸರೆದುರು ಕೊಚ್ಚಿಕೊಂಡು ಯುದ್ಧಕ್ಕೆ ಹೊರಟು, ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ಭಾಗದಿಂದ ಐದು ಪದ್ಯಗಳನ್ನು ಆರಿಸಿಕೊಂಡಿದ್ದೆವು. ಗೊಂಬೆಗಳು ಅಡಕೆ ಹಾಳೆಯವು, ಬಣ್ಣ ಕೆಮ್ಮಣ್ಣು ಮತ್ತು ಶೇಡಿ ಎಂಬ ಬಿಳಿಮಣ್ಣಿನದು, ಕ್ಯಾಮೆರಾ ನನ್ನ ಹಳೆಯ ಮೊಬೈಲು. ನೋಡಿದ ನಾಲ್ಕಾರು ಜನ ಇದನ್ನೆಲ್ಲ ಹೇಗೆ ಮಾಡಿದಿರಿ ಎಂದು ಕೇಳಿದ್ದಾರೆ. ಅದನ್ನು ಹೇಳುತ್ತೇನೆ, ಆದರೆ ಏನನ್ನು ಮಾಡಿ ಆಮೇಲೆ ತೆಗೆದುಹಾಕಿದೆವು ಎಂಬುದನ್ನು ಬರೆದಿಡಬೇಕೆಂಬ ಆಸೆಯೇ ನನಗೆ ಹೆಚ್ಚು.

ಈ ಪದ್ಯಗಳು ನನ್ನ ಬಳಿ ಪುಸ್ತಕದಿಂದ ಬಂದವಲ್ಲ. ದೊಡ್ಡಪ್ಪ ಗಮಕಿ, ಕಾವ್ಯವನ್ನು ರಾಗವಾಗಿ ಓದುವವರು. ಮಳೆ ಹಿಡಿದು ತೋಟದ ಕೆಲಸ ನಿಂತ ಸಂಜೆಗಳಲ್ಲಿ ಅವರು ಜಗುಲಿಯಲ್ಲಿ ಭಾರತ ಓದುತ್ತಿದ್ದರು, ಪಕ್ಕದ ಮನೆಯವರು ಒಬ್ಬರು ಅರ್ಥ ಹೇಳುತ್ತಿದ್ದರು, ನಾವು ಮಕ್ಕಳು ಕಂಬಳಿ ಹೊದ್ದು ಕೇಳುತ್ತಿದ್ದೆವು. ‘ಆರೊಡನೆ ಕಾದುವೆನು’ ಎಂದು ಉತ್ತರ ಶುರುಮಾಡಿ, ದ್ರೋಣರಂಥವರನ್ನು ಹಾರುವರೆಂದು ತಳ್ಳಿಹಾಕಿ, ಭೀಷ್ಮರಂಥವರನ್ನು ಯಮನ ನೆರೆಯೂರಿನವರೆಂದು ಹಂಗಿಸಿ, ಕಡೆಗೆ ಕವಿಯೇ ‘ನೆಣಗೊಬ್ಬಿನಲಿ ನುಡಿದನು ಹೆಂಗಳಿದಿರಿನಲಿ’ ಎಂದು ಅವನ ಬೆನ್ನಿಗೊಂದು ಗುದ್ದು ಕೊಡುವಾಗ ಜಗುಲಿಯ ತುಂಬ ನಗು ಏಳುತ್ತಿತ್ತು. ಆ ನಗುವನ್ನು ಚಿತ್ರದಲ್ಲಿ ಹಿಡಿಯಬಹುದೆಂದು ನಂಬಿಕೊಂಡೇ ನಾನು ಈ ಕೆಲಸಕ್ಕೆ ಕೈಹಾಕಿದ್ದು.

ಲೆಕ್ಕ ಸರಳವಾಗಿತ್ತು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ಕೈಯಿಂದ ಮಾಡುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡು ಚೌಕಟ್ಟು ನಿಲ್ಲಿಸುತ್ತಾರೆ, ಹಾಗಾಗಿ ಸೆಕೆಂಡಿಗೆ 12 ಚಿತ್ರ ಸಾಕು. ನಮ್ಮ 260 ಸೆಕೆಂಡಿಗೆ 3,120 ಚಿತ್ರ. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಕ್ಲಿಕ್ ಮಾಡುವುದು, ಮತ್ತೆ ಸರಿಸುವುದು. ಕೈ ಪಳಗಿದ ಮೇಲೆ ಗಂಟೆಗೆ ಮೂವತ್ತೈದು ಚಿತ್ರದವರೆಗೆ ಹೋಗುತ್ತಿತ್ತು; ಕರೆಂಟು ಹೋದ ದಿನ ಸೊನ್ನೆ.

ನನ್ನ ಮೊದಲ ದಡ್ಡತನ ಈ ಲೆಕ್ಕದಿಂದಲೇ ಹುಟ್ಟಿತು. ಭಾಮಿನಿ ಷಟ್ಪದಿಯ ಸಾಲುಗಳು ಮೂರು–ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯುತ್ತವೆ. ರಥದ ಮೇಲೆ ನಡುಗುತ್ತಾ ಉತ್ತರ ಹೇಳುವ ಮಾತನ್ನೇ ತೆಗೆದುಕೊಳ್ಳಿ: ಹಸಿದ, ಮಾರಿಯ, ಮಂದೆ, ಯಲಿ ಕುರಿ. ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14. ಹೀಗೆ ನಾಲ್ಕು ಸಾಲು, ಜತೆಗೆ ಮೂರನೆಯ ಮತ್ತು ಆರನೆಯ ಸಾಲುಗಳು 23 ಮಾತ್ರೆಯವು. ಇಡೀ ಪದ್ಯಕ್ಕೆ 102. ಮಾತ್ರೆಗೆ ಮೂರು ಚಿತ್ರವೆಂದು ಹಿಡಿದರೆ ಪದ್ಯಕ್ಕೆ 306 ಚಿತ್ರ, ಇಪ್ಪತ್ತೈದೂವರೆ ಸೆಕೆಂಡು. ಕವಿಯೇ ನಮಗಾಗಿ ಟೈಮಿಂಗ್ ಪಟ್ಟಿ ಬರೆದಿಟ್ಟು ಹೋಗಿದ್ದಾನೆಂದು ಹಿಗ್ಗಿ, ಒಂದು ವಾರ ಕುಳಿತು ಐದೂ ಪದ್ಯಗಳಿಗೆ ಗೆರೆ ಹಾಕಿದ ಕಾಗದ ತಯಾರಿಸಿದೆ. ಆಮೇಲೆ ದೊಡ್ಡಪ್ಪನ ಓದನ್ನು ರೆಕಾರ್ಡ್ ಮಾಡಿಕೊಂಡಾಗ ಅದೇ ಪದ್ಯ ಒಮ್ಮೆ 38 ಸೆಕೆಂಡು ಆಯಿತು, ಮತ್ತೊಮ್ಮೆ 45. ಗಮಕಕ್ಕೆ ರಾಗವುಂಟು, ತಾಳವಿಲ್ಲ ಎಂಬುದು ಚಿಕ್ಕಂದಿನಿಂದ ಕೇಳುತ್ತಾ ಬಂದ ನನಗೆ ಗೊತ್ತಿರಬೇಕಿತ್ತು. ಮಾತ್ರೆ ಪದ್ಯದ ಎಲುಬು. ಆದರೆ ಗಮಕಿ ನಿಲ್ಲುವುದು ಅರ್ಥ ಎಲ್ಲಿ ಬೀಳುತ್ತದೋ ಅಲ್ಲಿ. ‘ಕುರಿ’ ಎಂಬಲ್ಲಿ ಅವರು ಎಷ್ಟು ಹೊತ್ತು ತೂಗಿದರೆಂದರೆ ನನ್ನ ಕಾಗದದ ಆರು ಚಿತ್ರದ ಜಾಗಕ್ಕೆ ಐವತ್ತು ಬೇಕಾದವು. ಪಟ್ಟಿ ಒಲೆಗೆ ಹೋಯಿತು. ಧ್ವನಿಯನ್ನು ಮೊದಲು ಹಿಡಿದು, ಅದರ ಮೇಲೆ ಚಿತ್ರ ಎಣಿಸುವುದೆಂದು ಆಯಿತು.

ಹಾಳೆಯನ್ನು ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ, ತೋಟದಲ್ಲಿ ಬಿದ್ದಿತ್ತು. ಬಿದ್ದ ಹಾಳೆಯನ್ನು ನೀರಲ್ಲಿ ನೆನೆಸಿ, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ರುಬ್ಬುಗುಂಡು ಹೇರಿದರೆ ಎರಡು ದಿನದಲ್ಲಿ ಚಪ್ಪಟೆಯಾಗುತ್ತದೆ. ಒಳಮೈ ನುಣುಪು, ಹೊರಮೈಯಲ್ಲಿ ಉದ್ದಕ್ಕೆ ನಾರು. ಅದನ್ನು ಕತ್ತರಿಸಿ ಉತ್ತರನಿಗೆ 11 ಚೂರು ಮಾಡಿದೆವು: ತಲೆ, ಜಡೆ, ಎದೆ, ನಡು, ತೋಳು ಮುಂಗೈಗಳು ನಾಲ್ಕು, ಕಾಲಿನವು ಮೂರು. ಒಂದು ಕಾಲು ಪೂರ್ತಿ ಕಾಣುವುದಿಲ್ಲವಾದ್ದರಿಂದ ಅಲ್ಲೊಂದು ಚೂರು ಉಳಿಯಿತು. ಪ್ರತಿ ಸಂದಿನಲ್ಲೂ ದಬ್ಬಣದಿಂದ ತೂತು, ತೂತಿನಲ್ಲಿ ದಾರದ ಗಂಟು. ಗಂಟು ಬಿಗಿಯಾದರೆ ಗೊಂಬೆ ಮರದ ಕೊರಡು, ಸಡಿಲವಾದರೆ ಕುಡುಕ. ಎರಡರ ನಡುವಿನ ಬಿಗಿ ಸಿಕ್ಕಲು ಅಕ್ಕನ ಮಗಳ ಹದಿಮೂರು ವರ್ಷದ ಬೆರಳುಗಳೇ ಬೇಕಾದವು. ನನ್ನ ಬೆರಳಿಗೆ ಅದು ಕೊನೆಯವರೆಗೂ ಒಲಿಯಲಿಲ್ಲ.

ಬಣ್ಣದ ವಿಷಯದಲ್ಲಿ ನಾವು ಮೊದಲು ಹಸೆ ಚಿತ್ತಾರದ ದಾರಿ ಹಿಡಿದೆವು. ಸಿದ್ದಾಪುರ, ಸಾಗರದ ಕಡೆಯ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳುಪಿನಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆಯುವ ಗೆರೆಗಳನ್ನು ನೋಡಿದವರಿಗೆ ಅದರ ಮೋಹ ತಪ್ಪುವುದು ಕಷ್ಟ. ಆದರೆ ಹಸೆಯ ಗೆರೆ ಮದುವೆ ಮನೆಯ ಗೋಡೆಯ ಮೇಲೆ ನಿಲ್ಲಲೆಂದು ಹುಟ್ಟಿದ್ದು, ಓಡಲೆಂದಲ್ಲ. ನಮ್ಮ ಗೊಂಬೆಯ ಮೇಲೆ ಎಳೆದ ಅಕ್ಕಿ ಹಿಟ್ಟಿನ ಗೆರೆ ಐವತ್ತು ಸಲ ಬೆರಳು ತಾಗುವಷ್ಟರಲ್ಲಿ ಸಂದುಗಳಲ್ಲಿ ಉದುರತೊಡಗಿತು; ಪರದೆಯ ಮೇಲೆ ಉತ್ತರನಿಗೆ ಸಿಡುಬು ಎದ್ದಂತೆ ಕಾಣುತ್ತಿತ್ತು.

ದಾರಿ ತೋರಿಸಿದ್ದು ಘಟ್ಟದ ಕೆಳಗಿನ ಕಾವಿ ಕಲೆ. ಕುಮಟಾ, ಅಂಕೋಲಾ ಕಡೆಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಅದನ್ನು ನೋಡಬಹುದು. ಅಲ್ಲಿ ಬಿಳಿ ಗೆರೆಯನ್ನು ಯಾರೂ ಎಳೆದಿಲ್ಲ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಕೊಟ್ಟು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ತೆಗೆಯುತ್ತಾರೆ. ಕೆರೆದಲ್ಲೆಲ್ಲ ಅಡಿಯ ಬಿಳಿ ಕಾಣುತ್ತದೆ. ನಾವೂ ಹಾಳೆಗೆ ಮೊದಲು ಶೇಡಿ, ಅದರ ಮೇಲೆ ಅಂಟು ಬೆರೆಸಿದ ಕೆಮ್ಮಣ್ಣು ಬಳಿದು, ಅರೆ ಒಣಗಿದಾಗ ದಬ್ಬಣದಿಂದ ಕೆರೆದೆವು. ಗೆರೆ ತಗ್ಗಿನಲ್ಲಿರುವುದರಿಂದ ಬೆರಳು ತಾಗಿದರೂ ಅಳಿಯಲಿಲ್ಲ. ಹಾಳೆಯ ನಾರಿಗೆ ಅಡ್ಡವಾಗಿ ಕೆರೆಯುವಾಗ ‘ಕಿರ್ರ್’ ಎಂದು ಸಣ್ಣ ಸದ್ದು ಬರುತ್ತದೆ. ಆ ಸದ್ದು ಕೇಳುತ್ತಾ ಕುಳಿತಿದ್ದಾಗಲೇ ಕುಮಾರವ್ಯಾಸ ತನ್ನ ಅಗ್ಗಳಿಕೆಗಳನ್ನು ಎಣಿಸುವ ಪದ್ಯ ನೆನಪಾದದ್ದು. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ, ಕಂಟವೆಂಬ ಬರೆಯುವ ಮೊನೆಯ ಸದ್ದು ನಿಲ್ಲದಂತೆ ಓಲೆಯ ಮೇಲೆ ಬರೆದೆನೆಂದು ಅವನು ಹೇಳಿಕೊಳ್ಳುತ್ತಾನೆ. ತಾಳೆಯೋಲೆಯ ಬರಹವೂ ಕೆರೆತವೇ ಅಲ್ಲವೇ? ಇದೊಂದು ಕಾಕತಾಳೀಯ, ಇದರ ಮೇಲೆ ಸಿದ್ಧಾಂತ ಕಟ್ಟುವ ಉದ್ದೇಶ ನನಗಿಲ್ಲ. ಆದರೂ ಆ ದಿನ ಖುಷಿಯಾಯಿತು.

ಪದವಿಟ್ಟು ಅಳಿಸದ ಅಗ್ಗಳಿಕೆ ಕವಿಗೆ ಇದ್ದಿರಬಹುದು, ನಮಗೆ ಅದು ಶಿಕ್ಷೆಯಾಗಿತ್ತು. ಕ್ಯಾಮೆರಾದ ಕೆಳಗೆ ಗೊಂಬೆ ಸರಿಸುವ ಈ ಬಗೆಯಲ್ಲಿ ಹಿಂದಿನ ನಿಲುವು ಸರಿಸಿದ ಕ್ಷಣಕ್ಕೇ ಇಲ್ಲವಾಗುತ್ತದೆ. ನಡುವೆ ತಪ್ಪಿದರೆ ತಿದ್ದಲಾಗದು, ಮೊದಲಿನಿಂದ ಬರಬೇಕು. ಮೊದಲ ಮಳೆಗಾಲದಲ್ಲಿ ಹಾಳೆಗೆ ಬೂಸಲು ಹಿಡಿಯುತ್ತದೆಂದು ಗೊಂಬೆಗಳನ್ನು ಹರಡುವ ಗಾಜಿನ ಅಡಿಗೆ ಹಳೆಯ ನೂರು ವ್ಯಾಟಿನ ಬಲ್ಬು ಹಾಕಿದ್ದೆ. ಬೂಸಲೇನೋ ಹೋಯಿತು. ಆದರೆ ಬೃಹನ್ನಳೆ ಲಗಾಮು ಎಳೆಯುವ ದೃಶ್ಯದ ನಡುವೆ ಅವಳ ಮುಂಗೈ ಬಲ್ಬಿನ ಬಿಸಿಗೆ ಒಣಗಿ ಸುರುಳಿ ಸುತ್ತತೊಡಗಿತು. ಒಂದೊಂದು ಚಿತ್ರದಲ್ಲಿ ಇಷ್ಟಿಷ್ಟೇ ಸುತ್ತಿದ್ದರಿಂದ ನಮ್ಮ ಕಣ್ಣಿಗೆ ಬೀಳಲಿಲ್ಲ, ಓಡಿಸಿ ನೋಡಿದಾಗ ಮಾತ್ರ ಅರ್ಜುನನ ಕೈ ಹುರಿದ ಹಪ್ಪಳದಂತೆ ಮಡಚಿಕೊಳ್ಳುವುದು ಕಂಡಿತು. 41 ಚಿತ್ರಗಳು ಹೋದವು. ಆಮೇಲೆ ಎಲ್‌ಇಡಿ ಪಟ್ಟಿ ತಂದೆವು, ಊಟಕ್ಕೆ ಏಳುವಾಗ ಗೊಂಬೆಗಳ ಮೇಲೆ ಹಿಂಡಿದ ಬಟ್ಟೆ ಮುಚ್ಚುವ ಅಭ್ಯಾಸ ಮಾಡಿಕೊಂಡೆವು.

ಇಷ್ಟೆಲ್ಲ ಆದ ಮೇಲೆ ಕುರಿಯ ವಿಷಯ.

ಹಸಿದ ಮಾರಿಯ ಮಂದೆಗೆ ಕುರಿ ನುಸುಳಿದಂತಾಯಿತು ತನ್ನ ಗತಿ, ಕುದುರೆಗಳನ್ನು ತಡೆ ಎಂದು ಉತ್ತರ ಬೃಹನ್ನಳೆಗೆ ಅಂಗಲಾಚುತ್ತಾನೆ. ಶಿರಸಿಯವರಿಗೆ ಮಾರಿ ಎಂದರೆ ದೂರದ ಮಾತಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ರಥವೇರಿ ಬಿಡಕಿ ಬಯಲಿಗೆ ಬಂದು ಗದ್ದುಗೆಯಲ್ಲಿ ಕುಳಿತುಕೊಳ್ಳುವ ಜಾತ್ರೆಯನ್ನು ತಾಯಿಯ ಹೆಗಲ ಮೇಲೆ ಕುಳಿತು ನೋಡದ ಮಗು ಇಲ್ಲಿಲ್ಲ. ಹಾಗಾಗಿ ಆ ಸಾಲು ಬಂದಾಗ ಮಾರಿಯನ್ನೂ ಕುರಿಯನ್ನೂ ತೋರಿಸಬೇಕೆಂಬುದರಲ್ಲಿ ನಮಗೆ ಎರಡನೆಯ ಮಾತೇ ಇರಲಿಲ್ಲ. ಕೆಂಪು ಮುಖ, ಅಗಲ ಕಣ್ಣು, ಎಂಟು ಕೈ. ಕಾಲಡಿಯಲ್ಲಿ ಒಂದು ಕುರಿ, ಅದರ ಕಿವಿ ನಡುಗುತ್ತದೆ, ಹಿಂದಿನಿಂದ ಒಂದೊಂದಾಗಿ ಬಾಯಿಗಳು ತೆರೆಯುತ್ತವೆ. ಐದು ಸೆಕೆಂಡಿನ ಆ ತುಣುಕಿಗೆ 60 ಚಿತ್ರ, ನಾಲ್ಕು ದಿನ ಹಿಡಿಯಿತು. ಇಡೀ ಚಿತ್ರದಲ್ಲಿ ನಮ್ಮ ಕೈ ಅಷ್ಟು ಚೆನ್ನಾಗಿ ಕೂಡಿಬಂದ ಬೇರೆ ಜಾಗವಿಲ್ಲ. ಕುರಿಯ ಕಿವಿಯನ್ನು ಈಗಲೂ ತೆಗೆದು ನೋಡುತ್ತೇನೆ.

ದೊಡ್ಡಪ್ಪನಿಗೆ ತೋರಿಸಿದೆವು. ಅವರು ಕವಳ ಹಾಕಿಕೊಂಡು ನೋಡಿದರು, ಎರಡು ಸಲ ನೋಡಿದರು, ಕಡೆಗೆ ಎದ್ದುಹೋಗಿ ಉಗುಳಿ ಬಂದು ಹೇಳಿದರು: “ತಮಾ, ಕುರಿ ಎಲ್ಲಿದ್ದು? ಉತ್ತರನ ಬಾಯಲ್ಲಿದ್ದು. ನೀ ಅದನ್ನ ತಂದು ಬಯಲಲ್ಲಿ ಕಟ್ಟಿದ್ದೆ.”

ನನಗೆ ಸಿಟ್ಟು ಬಂತು. ನಾಲ್ಕು ದಿನದ ಕೆಲಸ. ಆದರೆ ರಾತ್ರಿ ಅದನ್ನು ಮತ್ತೆ ಓಡಿಸಿದಾಗ ಅವರು ಹೇಳಿದ್ದು ಕಣ್ಣಿಗೇ ಕಂಡಿತು. ‘ಕುರಿ’ ಎಂದು ಕಿವಿಗೆ ಬೀಳುತ್ತದೆ, ಅದೇ ಹೊತ್ತಿಗೆ ಕಣ್ಣಿಗೆ ಕುರಿ ಬೀಳುತ್ತದೆ. ಕೇಳುವವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಆ ಐದು ಸೆಕೆಂಡು ನಾವು ಉತ್ತರನನ್ನೇ ಬಿಟ್ಟು ಹೋಗಿದ್ದೆವು. ಹೆಂಗಸರೆದುರು ಭೀಷ್ಮ ದ್ರೋಣರನ್ನು ಹಳಿದ ಅದೇ ಬಾಯಿ ಈಗ ತನ್ನನ್ನೇ ಕುರಿ ಎಂದು ಕರೆದುಕೊಳ್ಳುತ್ತಿದೆ ಎಂಬುದರಲ್ಲಿ ಆ ಸಾಲಿನ ನಗುವೂ ಇದೆ, ಸಂಕಟವೂ ಇದೆ. ನಾವು ಬಾಯಿಯನ್ನು ಬಿಟ್ಟು ಕುರಿಯನ್ನು ತೋರಿಸಿದ್ದೆವು. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂದು ಹೊಗಳುವಾಗ ಅವನ ರೂಪಕಗಳು ಚಿತ್ರವತ್ತಾಗಿವೆ ಎಂದು ಎಲ್ಲರೂ ಹೇಳುತ್ತೇವೆ. ಚಿತ್ರ ಮಾಡುವವನಿಗೆ ಅದೇ ಬಲೆ. ಆ ಚಿತ್ರಗಳು ಈಗಾಗಲೇ ಮಾತಿನಲ್ಲಿ ಬರೆದು ಮುಗಿದಿವೆ. ನಮ್ಮ ದಬ್ಬಣಕ್ಕೆ ಅಲ್ಲಿ ಕೆಲಸವಿಲ್ಲ.

ಹಾಗಾದರೆ ಎಲ್ಲಿದೆ ಕೆಲಸ? ಪದ್ಯ ಹೇಳದೆ ಬಿಟ್ಟಲ್ಲಿ ಎಂದು ನಿಧಾನವಾಗಿ ಹೊಳೆಯಿತು. ಉತ್ತರ ಆ ಮಾತಾಡುವಾಗ ಅವನ ಕೈ ಎಲ್ಲಿತ್ತು? ರಥದ ಕಂಬವನ್ನು ಹಿಡಿದಿರಬೇಕು. ಮಾರಿ, ಮಂದೆ, ಕುರಿ ಎಲ್ಲ ತೆಗೆದು, ಆ ಜಾಗದಲ್ಲಿ ಕಂಬ ಹಿಡಿದ ಐದು ಬೆರಳುಗಳನ್ನಷ್ಟೇ ಇಟ್ಟೆವು. ಅದಕ್ಕಾಗಿ ದೊಡ್ಡ ಕೈಯೊಂದನ್ನು ಬೇರೆಯೇ ಕತ್ತರಿಸಬೇಕಾಯಿತು. ದೊಡ್ಡಪ್ಪ ‘ಕುರಿ’ಯನ್ನು ತೂಗುತ್ತಿರುವಷ್ಟು ಹೊತ್ತೂ ಕಿರುಬೆರಳು ಒಂದೇ ಸಡಿಲುತ್ತದೆ. ಹಿಡಿದುಕೊಳ್ಳಬೇಕೋ ಬಿಡಬೇಕೋ ಎಂದು ಅದಕ್ಕೂ ತಿಳಿದಿಲ್ಲ. ಆಮೇಲೆ ಕಂಬ ಮಾತ್ರ ಉಳಿಯುತ್ತದೆ, ಕೈ ಇಲ್ಲ. ಅವನು ಧುಮುಕುವುದನ್ನು ನಾವು ತೋರಿಸಲೇ ಇಲ್ಲ.

ಸೇನೆಗೂ ಇದೇ ನ್ಯಾಯ ಹಚ್ಚಿದೆವು. ಕೌರವ ಸೇನೆಯ ಆನೆ ಕುದುರೆಗಳನ್ನು ಕೆರೆಯುತ್ತಾ ಕುಳಿತಿದ್ದರೆ ಈ ಜನ್ಮ ಸಾಲುತ್ತಿರಲಿಲ್ಲ ಎಂಬುದೂ ನಿಜ. ಗಾಜಿನ ಮೇಲಂಚಿನಲ್ಲಿ ಜರಡಿ ಹಿಡಿದ ಶೇಡಿ ಪುಡಿಯ ಒಂದು ತೆಳು ಗೆರೆ. ಅದು ಚಿತ್ರದಿಂದ ಚಿತ್ರಕ್ಕೆ ಕುಂಚದ ತುದಿಯಿಂದ ತುಸು ತುಸು ದಪ್ಪವಾಗುತ್ತದೆ, ಅಷ್ಟೆ. ಅದು ಧೂಳೋ ಜನವೋ ಎಂದು ಉತ್ತರನಿಗೆ ಗೊತ್ತಾಗುವ ಹೊತ್ತಿಗೆ ನೋಡುವವರಿಗೂ ಗೊತ್ತಾಗುತ್ತದೆ. ಅವನ ಓಟ ಮಾತ್ರ ಅಕ್ಕನ ಮಗಳ ಸೃಷ್ಟಿ. ನಾನು ಎಂಟು ಚಿತ್ರಗಳ ಓಟವೊಂದನ್ನು ಲೆಕ್ಕ ಹಾಕಿ ಕೊಟ್ಟಿದ್ದೆ. ಅವಳು ಅದನ್ನು ಬದಿಗೆ ಸರಿಸಿ, “ಮಾವ, ಬೇಣದಲ್ಲಿ ಹೋರಿ ಅಟ್ಟಿಸಿಕೊಂಡು ಬಂದಾಗ ನಾನು ಮುಂದೆ ನೋಡಲೇ ಇಲ್ಲ” ಎಂದಳು. ನಮ್ಮ ಉತ್ತರನ ಕಾಲು ಎಡಕ್ಕೆ ಓಡುತ್ತವೆ, ತಲೆ ಬಲಕ್ಕೆ ತಿರುಗಿಯೇ ಇರುತ್ತದೆ, ಬಿಚ್ಚಿದ ಜಡೆ ಬಾಯಿಗೆ ಬಡಿಯುತ್ತಿರುತ್ತದೆ.

ದೊಡ್ಡವರು ಈ ತೊಡಕನ್ನು ಹೇಗೆ ಬಿಡಿಸಿದ್ದಾರೆಂದು ಆಮೇಲೆ ಹುಡುಕಿ ನೋಡಿದೆ. ಮೊದಲೇ ನೋಡಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು. ಜರ್ಮನಿಯ ಲೊಟ್ಟೆ ರೈನಿಗರ್ ಅರೇಬಿಯನ್ ಇರುಳುಗಳ ಕಥೆಯಿಂದ ಕಪ್ಪು ರಟ್ಟು ಮತ್ತು ತೆಳು ಸೀಸದ ತಗಡು ಕತ್ತರಿಸಿ ಮಾಡಿದ ರಾಜಕುಮಾರ ಅಹ್ಮದನ ಚಿತ್ರ 1923ರಲ್ಲಿ ಶುರುವಾಗಿ 1926ರಲ್ಲಿ ಮುಗಿಯಿತು. ಇಂದಿಗೆ ಉಳಿದಿರುವ ಪೂರ್ಣ ಉದ್ದದ ಆನಿಮೇಷನ್ ಚಿತ್ರಗಳಲ್ಲಿ ಅದೇ ಅತಿ ಹಳೆಯದು. ಅದು ಮೂಕಿಚಿತ್ರ. ಮಾತು ಕೇಳಿಸದಿರುವುದರಿಂದ ಚಿತ್ರವೇ ಎಲ್ಲವನ್ನೂ ಹೇಳಬೇಕು, ಹೇಳುತ್ತದೆ ಕೂಡ. ನಮ್ಮ ತೊಂದರೆ ಅವರಿಗಿರಲಿಲ್ಲ. ಹೆಮಿಂಗ್ವೆಯ ಮುದುಕ ಮತ್ತು ಸಮುದ್ರದ ಕಥೆಯನ್ನು ರಷ್ಯಾದ ಅಲೆಕ್ಸಾಂದರ್ ಪೆತ್ರೋವ್ ಗಾಜಿನ ಮೇಲೆ ನಿಧಾನವಾಗಿ ಒಣಗುವ ತೈಲವರ್ಣವನ್ನು ಹೆಚ್ಚಾಗಿ ಬೆರಳ ತುದಿಯಿಂದಲೇ ಸವರಿ 1999ರಲ್ಲಿ ಮುಗಿಸಿದರು. ಅದಕ್ಕೆ 29,000ದಷ್ಟು ಚಿತ್ರಗಳು ಬೇಕಾದವು, 2000ದಲ್ಲಿ ಆಸ್ಕರ್ ಬಂತು. ಅದರ ಸಮುದ್ರದ ಮುಂದೆ ಕೈಮುಗಿಯುತ್ತೇನೆ. ಆದರೆ ಮುದುಕ ತನ್ನಷ್ಟಕ್ಕೆ ಮಾತಾಡಲು ತೊಡಗಿದಾಗಲೆಲ್ಲ ನನಗೆ ಆ ನೀರು ಸುಮ್ಮನೆ ಹಿನ್ನೆಲೆಗೆ ಸರಿದಂತೆ ಅನಿಸುತ್ತದೆ.

ನನಗೆ ಹತ್ತಿರವಾದವರು ಯೂರಿ ನೋರ್ಸ್ಟೈನ್. ಗೊಗೊಲ್‌ನ ‘ಓವರ್‌ಕೋಟ್’ ಕಥೆಯನ್ನು ಅವರು ಕತ್ತರಿಸಿದ ಚೂರುಗಳಿಂದ ಚಿತ್ರವಾಗಿಸಲು 1981ರಲ್ಲಿ ತೊಡಗಿದರು. ನಾಲ್ಕು ದಶಕ ಕಳೆದರೂ ಅದು ಪೂರ್ತಿಯಾಗಿಲ್ಲ. (ನಮ್ಮ ಎರಡು ಮಳೆಗಾಲದ ಬಗ್ಗೆ ಮನೆಯಲ್ಲಿ ಗೊಣಗುವವರಿಗೆ ಇದನ್ನು ಹೇಳಿ ನೋಡಿದೆ, ಪ್ರಯೋಜನವಾಗಲಿಲ್ಲ.) 1842ರ ಆ ಕಥೆಯ ಸ್ವಾರಸ್ಯವೆಲ್ಲ ಹೇಳುವವನ ನಾಲಿಗೆಯಲ್ಲಿದೆ, ಅವನು ಕಥೆ ಬಿಟ್ಟು ಎಲ್ಲೆಲ್ಲೋ ಅಲೆದು, ನಗಿಸಿ, ಇದ್ದಕ್ಕಿದ್ದಂತೆ ಕರುಳು ಹಿಂಡುತ್ತಾನೆ. ನೋರ್ಸ್ಟೈನ್ ಆ ನಾಲಿಗೆಯ ತಂಟೆಗೆ ಹೋಗಿಲ್ಲ. ಹೊರಬಂದಿರುವ ತುಣುಕಿನಲ್ಲಿ ನಕಲು ಬರೆಯುವ ಬಡ ಗುಮಾಸ್ತ ಮನೆಗೆ ಬಂದು, ಒಬ್ಬನೇ ಕುಳಿತು, ಅಕ್ಷರ ಬರೆಯುತ್ತಾನೆ. ಬರೆಯುವಾಗ ಅವನ ತುಟಿ, ಹುಬ್ಬು, ಕೆನ್ನೆಗಳಲ್ಲಿ ಆಗುವುದನ್ನು ನೋಡುತ್ತಾ ಕೂರುವುದೇ ನಮ್ಮ ಕೆಲಸ. ನಮ್ಮ ಕಿರುಬೆರಳು ಅಷ್ಟು ದೂರದವರ ಮನೆಯ ಹುಡುಗಿಯೇನೂ ಅಲ್ಲ ಎಂದು ಅದನ್ನು ನೋಡಿದಾಗ ಅನಿಸಿತು.

ಯಕ್ಷಗಾನದ ವೇಷ ಯಾಕೆ ಹಾಕಲಿಲ್ಲ ಎಂದು ಕೇಳದವರಿಲ್ಲ. ಈ ಜಿಲ್ಲೆಯಲ್ಲಿ ಹುಟ್ಟಿ ವಿರಾಟಪರ್ವ ಮಾಡುವವನಿಗೆ ಆ ಪ್ರಶ್ನೆ ಬರಬೇಕಾದದ್ದೇ. ರಂಗದಲ್ಲಿ ವೇಷದೊಳಗೆ ಬೆವರುವ ಒಬ್ಬ ಮನುಷ್ಯನಿರುತ್ತಾನೆ, ಅವನ ಕುಣಿತಕ್ಕೂ ಕಿರೀಟಕ್ಕೂ ಜಗ್ಗಾಟವಿರುತ್ತದೆ. ಹಾಳೆಯ ಗೊಂಬೆಗೆ ಕಿರೀಟ ಕಟ್ಟಿದರೆ ಅದು ಬರೀ ಗುರುತಿನ ಚೀಟಿ. ನಮ್ಮ ಉತ್ತರ ಮೀಸೆ ಮೂಡದ ಹುಡುಗ, ಅಷ್ಟೆ.

ಚಿತ್ರವನ್ನು ಒಂದು ಕಿರುಚಿತ್ರ ಸ್ಪರ್ಧೆಗೆ ಕಳಿಸಿದ್ದೆವು. ಕೈಕೆಲಸ ಚೆನ್ನಾಗಿದೆ, ಆದರೆ ಹಳೆಗಾಲದ ಪದ್ಯ ಯುವಜನರಿಗೆ ತಿಳಿಯುವುದಿಲ್ಲ, ಪದ್ಯದಲ್ಲಿ ಬರುವ ಕುರಿ ಮುಂತಾದ ಉಪಮೆಗಳನ್ನು ಚಿತ್ರದಲ್ಲಿ ತೋರಿಸಿದ್ದರೆ ಅನುಕೂಲವಾಗುತ್ತಿತ್ತು ಎಂದು ಅಲ್ಲಿಂದ ಉತ್ತರ ಬಂತು. ಅಕ್ಕನ ಮಗಳು ಓದಿ ಅರ್ಧ ಗಂಟೆ ನಕ್ಕಳು. ನಾನು ಅಷ್ಟು ಸುಲಭವಾಗಿ ನಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆ 60 ಚಿತ್ರಗಳು ಮೊಬೈಲಿನಲ್ಲಿ ಇನ್ನೂ ಇದ್ದವು, ಸೇರಿಸಲು ಐದು ನಿಮಿಷದ ಕೆಲಸ. ಸೇರಿಸಲಿಲ್ಲ.

ಕೊನೆಕೊಯ್ಲಿನ ಹಿಂದಿನ ಭಾನುವಾರ ರಾತ್ರಿ ಜಗುಲಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ತಂದ ಪ್ರೊಜೆಕ್ಟರಿನಲ್ಲಿ ಮನೆಯವರಿಗೂ ಕೇರಿಯವರಿಗೂ ಚಿತ್ರ ತೋರಿಸಿದೆವು. ಜನ ನಕ್ಕರು; ಮುಖ್ಯವಾಗಿ ಜಡೆ ಬಾಯಿಗೆ ಬಡಿಯುವಲ್ಲಿ. ದೊಡ್ಡಪ್ಪ ಮಾತ್ರ ಕಣ್ಣು ಮುಚ್ಚಿ ಕುಳಿತಿದ್ದರು. ತಮ್ಮದೇ ಓದನ್ನು ಕೇಳುತ್ತಾ ಎಲ್ಲಿ ಎಡವಿದ್ದೇನೆಂದು ಹುಡುಕುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಮುಗಿದ ಮೇಲೆ, ಮತ್ತೊಮ್ಮೆ ಹಾಕು, ಈ ಸಲ ಧ್ವನಿ ತೆಗೆದುಬಿಡು ಎಂದರು. ಪಂಚೆಯ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತು, ಚಿತ್ರ ಓಡುತ್ತಿದ್ದಂತೆ ತಾವೇ ಓದತೊಡಗಿದರು. ಮೊದಲ ಮೂರು ಪದ್ಯ ಹೆಚ್ಚು ಕಡಿಮೆ ಹೊಂದಿಕೊಂಡು ಹೋದವು. ನಾಲ್ಕನೆಯದರಲ್ಲಿ ಕಂಬ ಹಿಡಿದ ಬೆರಳುಗಳು ಬಂದವು. ಅವರು ಅದನ್ನು ಮೊದಲ ಸಲ ನೋಡುತ್ತಿದ್ದರು. ‘ಕುರಿ’ ಎಂಬಲ್ಲಿ ಎಂದಿಗಿಂತ ಹೆಚ್ಚು ಹೊತ್ತು ನಿಂತರು, ರಾಗ ಬೇರೆಲ್ಲೋ ಸುತ್ತಿ ಬಂತು. ಅಷ್ಟರಲ್ಲಿ ಪಂಚೆಯ ಮೇಲೆ ಕೈ ಹೋಗಿತ್ತು, ಕಂಬವೂ ಹೋಗಿತ್ತು, ಉತ್ತರ ಹಿಂದೆ ನೋಡುತ್ತಾ ಓಡುತ್ತಿದ್ದ. ದೊಡ್ಡಪ್ಪ ಕೈಯೆತ್ತಿ ಪರದೆಯ ಕಡೆ “ನಿಲ್ಲೋ” ಎಂದರು.